ಮಳೆ ಬಂದರೆ ಬಚ್ಚಲಲ್ಲಿ ಕೊಳಚೆ: ಮಳೆನೀರಿಗೆ ಬೇರೆ ಪೈಪ್ ಕೇಳೋಣವಾ?

ನೆಲಮಹಡಿ ಮನೆಯವರು: ನಿನ್ನೆ ಮಳೆಗೆ ಮತ್ತೆ ಬಚ್ಚಲಿನ ಜಾಲರಿಯಿಂದ ಕೊಳಚೆ ಉಕ್ಕಿತು. ನಾವು ನಲ್ಲಿ ಕೂಡ ತಿರುಗಿಸಿರಲಿಲ್ಲ. ಪೈಪಿಗೆ ಜೋರಾಗಿ ನೀರು ಹೊಡೆದು ಕಟ್ಟಿದ್ದು ಬಿಡಿಸುವ ಜೆಟ್ಟಿಂಗ್ ಗಾಡಿ ಕರೆಸೋಣವಾ?

ಮೂಲೆ ಮನೆಯವರು: ಬಿಸಿಲಲ್ಲಿ ಸರಾಗ ಹೋಗುತ್ತದೆ, ಮಳೆಯಲ್ಲಿ ಮಾತ್ರ ಉಕ್ಕುತ್ತದೆ ಅಲ್ವಾ ಮೇಡಂ? ಹಾಗಾದರೆ ಪೈಪ್ ಕಟ್ಟಿಕೊಂಡಿರಲಿಕ್ಕಿಲ್ಲ. ಮಳೆನೀರು ಒಳಚರಂಡಿಗೆ ನುಗ್ಗುತ್ತಿದೆ.

ನಿವೃತ್ತ ಇಂಜಿನಿಯರ್: ಹೌದು. ನಮ್ಮದು ಹಳೇ ಲೈನು, ಕೊಳಚೆಗೂ ಮಳೆನೀರಿಗೂ ಒಂದೇ ಪೈಪ್. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ಕೊಳಚೆ ಲಂಡನ್‌ನಲ್ಲೆಲ್ಲ ನಾರಿದ ನಂತರ ಇಂಜಿನಿಯರ್ ಬ್ಯಾಜಲ್‌ಜೆಟ್ ಅಲ್ಲಿ ಕಟ್ಟಿಸಿದ ಒಳಚರಂಡಿಯೂ ಹೀಗೇ. ಜೋರು ಮಳೆಗೆ ಅದು ಥೇಮ್ಸ್ ನದಿಗೆ ಉಕ್ಕುತ್ತಿತ್ತು. ಅದನ್ನು ಹಿಡಿಯಲು ಈಗ 25 ಕಿ.ಮೀ. ಸುರಂಗ ತೋಡಿದ್ದಾರೆ.

ಲೆಕ್ಕ ನೋಡಿ. 100 ಚದರ ಮೀಟರ್ ಟೆರೇಸ್ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ನಾಲ್ಕು ಜನರ ಮನೆಯ ಕೊಳಚೆ ದಿನವಿಡೀ ಸೇರಿದರೂ ಸುಮಾರು 500 ಲೀಟರ್. ಒಂದು ಗಂಟೆಯಲ್ಲಿ ಹತ್ತು ದಿನದ ನೀರು! ಮೊದಲು ಉಕ್ಕುವುದು ತಗ್ಗಿನ ಮನೆಯಲ್ಲಿ.

ಎರಡನೇ ಮಹಡಿಯವರು: ಹಾಗಾದರೆ ದೊಡ್ಡ ಪೈಪ್ ಒಂದು ಹಾಕಿಸಿ ಮುಗಿಸಿ. ಎರಡೆರಡು ಯಾಕೆ?

ನಿವೃತ್ತ ಇಂಜಿನಿಯರ್: ಮಳೆ ಇಲ್ಲದ ದಿನ ದೊಡ್ಡ ಪೈಪಿನ ತಳದಲ್ಲಿ ನೀರು ತೆಳ್ಳಗೆ ಹರಿಯುತ್ತದೆ, ಹೊಲಸು ಅಲ್ಲೇ ಕೂರುತ್ತದೆ. ಅದು ಕೊಚ್ಚಿಹೋಗಲು ಸೆಕೆಂಡಿಗೆ 0.6 ಮೀಟರ್ ವೇಗವಾದರೂ ಬೇಕು. ನನ್ನ ಪ್ರಕಾರ ನಾವು ಕೇಳಬೇಕಾದದ್ದು ಇದು: ಕೊಳಚೆಗೆ ಸೋರದ, ಸಣ್ಣ ಹೊಸ ಪೈಪ್. ಹಳೇದು ಮಳೆನೀರಿಗೇ ಇರಲಿ, ಬಿರುಕಿದ್ದರೂ ನಡೆಯುತ್ತದೆ. ಆದರೆ ಮನೆಮನೆಯ ಟೆರೇಸ್ ಪೈಪ್ ಕೊಳಚೆ ಚೇಂಬರ್‌ನಲ್ಲೇ ಉಳಿದರೆ ರಸ್ತೆ ಅಗೆಸಿದ್ದು ದಂಡ.

ಎರಡನೇ ಮಹಡಿಯವರು: ಅಂಗಳಕ್ಕೆ ಈಗಷ್ಟೇ ಟೈಲ್ಸ್ ಹಾಕಿಸಿದ್ದೇನೆ ಸಾರ್...

ನಿವೃತ್ತ ಇಂಜಿನಿಯರ್: ಎಷ್ಟೋ ಕಡೆ ನೆಲದ ಮೇಲೇ ಒಂದು ಬೆಂಡ್ ಹಾಕಿ ಇಂಗುಗುಂಡಿಗೋ ಮಳೆ ಚರಂಡಿಗೋ ತಿರುಗಿಸಬಹುದು. ಮೊದಲು ಯಾರ ಪೈಪ್ ಎಲ್ಲಿಗೆ ಹೋಗುತ್ತದೆ ನೋಡೋಣ. ಬಿಸಿಲಿರುವ ದಿನ ಟೆರೇಸ್ ಪೈಪಿಗೆ ಒಂದು ಬಕೆಟ್ ಬಣ್ಣದ ನೀರು ಸುರಿಯಿರಿ. ಕಾಂಪೌಂಡ್ ಒಳಗಿನ ಕೊಳಚೆ ಚೇಂಬರ್‌ನಲ್ಲಿ ಬಣ್ಣ ಬಂತೋ, ಸಿಕ್ಕಿಬಿದ್ದಿರಿ. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಮಾತ್ರ ಯಾರೂ ಮುಟ್ಟಬೇಡಿ. ಒಳಗಿನ ವಿಷಗಾಳಿ ಜೀವ ತೆಗೆಯುತ್ತದೆ.

ಮೂಲೆ ಮನೆಯವರು: ಉಲ್ಟಾನೂ ನೋಡಬೇಕು. ವಾಷಿಂಗ್ ಮೆಷಿನ್ ನೀರನ್ನು ಮಳೆ ಚರಂಡಿಗೆ ಬಿಟ್ಟವರು ನಮ್ಮಲ್ಲೇ ಇದ್ದಾರೆ, ಹೆಸರು ಬೇಡ. ಆ ನೀರು ಶುದ್ಧವಾಗದೆ ನೇರ ಕೆರೆಗೋ ಹೊಳೆಗೋ ಸೇರುತ್ತದೆ.

ನೆಲಮಹಡಿ ಮನೆಯವರು: ಇದೆಲ್ಲ ಆಗುವ ತನಕ ನಾವೇನು ಮಾಡುವುದು?

ನಿವೃತ್ತ ಇಂಜಿನಿಯರ್: ನಿಮ್ಮ ಲೈನಿಗೆ ನಾನ್-ರಿಟರ್ನ್ ವಾಲ್ವ್ ಹಾಕಿಸಿ ಮೇಡಂ, ಹೊರಗಿನದು ಒಳಗೆ ಬರುವುದಿಲ್ಲ. ಆದರೆ ಅದು ಮುಚ್ಚಿರುವಾಗ ನಿಮ್ಮ ನೀರೂ ಹೊರಗೆ ಹೋಗುವುದಿಲ್ಲ. ಮೇಲಿನ ಮನೆಗಳದ್ದೂ ಅದೇ ಲೈನಾದರೆ ಜೋರು ಮಳೆಯಲ್ಲಿ ಅವರೂ ನೀರು ಬಿಡಬಾರದು.

ಮೂಲೆ ಮನೆಯವರು: ಭಾನುವಾರ ಮಳೆ ಇಲ್ಲದಿದ್ದರೆ ಬಣ್ಣ, ಬಕೆಟ್ ನಾನು ತರುತ್ತೇನೆ. ಮನೆವಾರು ಪಟ್ಟಿ ಮಾಡಿ ಅರ್ಜಿಗೆ ಲಗತ್ತಿಸೋಣ. ಟೆರೇಸ್ ಬೀಗದ ಕೈ ಯಾರ ಹತ್ತಿರ ಇದೆ?

ಎರಡನೇ ಮಹಡಿಯವರು: ನನ್ನ ಹತ್ತಿರ. ಎಂಟಕ್ಕೆ ಮುಂಚೆ ಮಾತ್ರ ಬೆಲ್ ಒತ್ತಬೇಡಿ.