ಕ್ಯಾಮರೋ 350: ಹೆಡರ್ ಹಾಕಿದ ಮೇಲೆ 7ನೇ ಪ್ಲಗ್ಗಿನ ಬೂಟ್ ಸುಡ್ತಿದೆ

ಡೆಟ್ರಾಯಿಟ್_ಕನ್ನಡಿಗ:
1978ರ ಶೆವ್ರೊಲೆಟ್ ಕ್ಯಾಮರೋ, 350 ಸ್ಮಾಲ್ ಬ್ಲಾಕ್ (350 ಘನ ಇಂಚಿನ ವಿ8 ಎಂಜಿನ್), ಕಂಪನಿಯ ಕಬ್ಬಿಣದ ಹೆಡ್‌ಗಳೇ, ಎಚ್‌ಇಐ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚೋದು). ಹಳೆ ಎಗ್ಸಾಸ್ಟ್ ಮ್ಯಾನಿಫೋಲ್ಡ್ ತೆಗೆದು ಉದ್ದ ಪೈಪಿನ ಹೆಡರ್ (ಪ್ರತಿ ಸಿಲಿಂಡರಿನ ಹೊಗೆಗೂ ಬೇರೆ ಬೇರೆ ಪೈಪ್) ಹಾಕಿದೆ. ಡ್ರೈವರ್ ಕಡೆ 5 ಮತ್ತು 7ನೇ ಪ್ಲಗ್ ಹತ್ತಿರ ಜಾಗವೇ ಇಲ್ಲ. 7ರ ಬೂಟ್ (ವೈರ್ ತುದಿಯಲ್ಲಿ ಪ್ಲಗ್ ಮುಚ್ಚೋ ರಬ್ಬರ್ ಟೋಪಿ) ಪೈಪಿಗೆ ತಾಗಿಕೊಂಡೇ ಇದೆ, ಎರಡು ಸಲ ಸುಟ್ಟುಹೋಯ್ತು. ಐಡಲ್‌ನಲ್ಲಿ ಚೆನ್ನಾಗಿ ಓಡುತ್ತೆ, ಏರು ಹತ್ತುವಾಗ ಮಿಸ್ ಹೊಡೆಯುತ್ತೆ. ಹೀಟ್ ಸ್ಲೀವ್ (ಬೂಟಿಗೆ ತೊಡಿಸೋ, ಶಾಖ ತಡೆಯೋ ತೋಳು) ತರಿಸಲಾ, ಅಥವಾ ಪೈಪನ್ನೇ ಬಡಿದು ತಗ್ಗು ಮಾಡಲಾ?

ವಿ8_ಪ್ರಿಯ:
ಸ್ಲೀವ್ ಕೊನೆಯ ಮಾತು ಸರ್. ತಾಗಿಕೊಂಡಿರೋ ಬೂಟಿಗೆ ಸ್ಲೀವ್ ತೊಡಿಸಿದರೆ ಅದು ಇನ್ನೂ ದಪ್ಪ ಆಗಿ ಪೈಪಿಗೆ ಇನ್ನೂ ಒತ್ತಿಕೊಳ್ಳುತ್ತೆ. ಮೊದಲು ತಾಗ್ತಿರೋದು ಯಾವುದು ಅಂತ ನೋಡಿ: ಪ್ಲಗ್ಗೋ, ಬೂಟೋ, ವೈರೋ. ಮೂರಕ್ಕೂ ಮದ್ದು ಬೇರೆ ಬೇರೆ.

ಏರಿನಲ್ಲಿ ಮಾತ್ರ ಮಿಸ್ ಯಾಕೆ ಅಂದ್ರೆ, ಲೋಡ್ ಬಿದ್ದಾಗ ಸಿಲಿಂಡರಿನ ಒಳಗಿನ ಒತ್ತಡ ಏರುತ್ತೆ, ಪ್ಲಗ್ ಗ್ಯಾಪ್ ಹಾರೋಕೆ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತೆ. ಸುಟ್ಟ ಬೂಟ್ ಮೂಲಕ ಹೆಡರ್‌ಗೆ ಹಾರೋದೇ ಆಗ ಸುಲಭದ ದಾರಿ. ಕತ್ತಲಲ್ಲಿ ಎಂಜಿನ್ ಓಡಿಸಿ ಬೂಟ್‌ಗಳ ಮೇಲೆ ಸ್ವಲ್ಪ ನೀರು ಸ್ಪ್ರೇ ಮಾಡಿ, ನೀಲಿ ಕಿಡಿ ಕಾಣುತ್ತೆ. ವೈರ್ ಮುಟ್ಟಬೇಡಿ, ಕೈ ಫ್ಯಾನ್‌ನಿಂದ ದೂರ ಇರಲಿ.

7ನೇ ಪ್ಲಗ್ ಬಿಚ್ಚಿ ಬಿಳಿ ಪಿಂಗಾಣಿ ನೋಡಿ. ಕೂದಲೆಳೆಯಂಥ ಬಿರುಕು ಅಥವಾ ಕಪ್ಪು ಗೆರೆ ಇದ್ದರೆ ಪ್ಲಗ್, ಬೂಟ್ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಒಂದನ್ನೇ ಬದಲಾಯಿಸಿದರೆ ಹಳೆಯದರ ಕಾರ್ಬನ್ ಗೆರೆಯಿಂದ ಹೊಸದೂ ಹಾಳಾಗುತ್ತೆ. ಎರಡನೇ ಬೂಟೂ ಹೋಗೋಕೆ ಇದೂ ಒಂದು ಕಾರಣ ಆಗಿರಬಹುದು.

ಸ್ಪ್ಯಾನರ್_ಶಾಸ್ತ್ರಿ:
ಖರ್ಚಿಲ್ಲದ ಕೆಲಸ ಮೊದಲು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಆ ಕಡೆಯ ಹೆಡರ್ ಬೋಲ್ಟ್‌ಗಳನ್ನೆಲ್ಲ ಸಡಿಲ ಮಾಡಿ. ಫ್ಲ್ಯಾಂಜಿನ ತೂತುಗಳು ಬೋಲ್ಟಿಗಿಂತ ಸ್ವಲ್ಪ ದೊಡ್ಡವು, ಹೆಡರನ್ನು ಸುಮಾರು 1/16 ಇಂಚು ಅತ್ತಿತ್ತ ಸರಿಸಬಹುದು. ಎಷ್ಟೋ ಸಲ ಅಷ್ಟೇ ಸಾಕು. ಪ್ಲಗ್ಗಿನಿಂದ ದೂರ ತಳ್ಳಿ ಹಿಡಿದು, ಎಲ್ಲ ಬೋಲ್ಟ್‌ಗಳನ್ನೂ ಕೈಯಲ್ಲೇ ಹತ್ತಿಸಿ, ಆಮೇಲೆ ನಡುವಿನಿಂದ ಹೊರಕ್ಕೆ ಬಿಗಿ ಮಾಡಿ.

ಆಮೇಲೆ ಬೂಟಿನ ಕೋನ. ನೇರ ಬೂಟ್ ಹೊರಕ್ಕೆ ಚಾಚಿ ಪೈಪಿನ ದಾರೀಲೇ ನಿಲ್ಲುತ್ತೆ. 90 ಡಿಗ್ರಿಯದು ಪ್ಲಗ್ಗಿನ ಬುಡದಲ್ಲೇ ತಿರುಗಿ ಹೆಡ್ ಪಕ್ಕದಲ್ಲಿ ಸಾಗುತ್ತೆ. ಒಬ್ಬ ತಯಾರಕರು 45 ಅನ್ನೋ ಬಾಗನ್ನೇ ಇನ್ನೊಬ್ಬರು 135 ಅಂತಾರೆ, ಅಂಕಿ ನಂಬದೆ ಚಿತ್ರ ನೋಡಿ ತಗೊಳ್ಳಿ. ಎಂಟಕ್ಕೂ ಒಂದೇ ಕೋನ ಇರಬೇಕು ಅಂತೇನೂ ಇಲ್ಲ.

ಅಳತೆಗೆ ಕತ್ತರಿಸೋ ಯೂನಿವರ್ಸಲ್ ಸೆಟ್ ಇದಕ್ಕೆ ಒಳ್ಳೇದು. ತುದಿಯಲ್ಲಿ ಅರ್ಧ ಇಂಚು ಸಿಪ್ಪೆ ಸುಲಿದು, ಒಳಗಿನ ಎಳೆಯನ್ನು ಹಿಂದಕ್ಕೆ ಮಡಚಿ ಟರ್ಮಿನಲ್ ಕ್ರಿಂಪ್ ಮಾಡಿ. ಮಡಚದೆ ಒತ್ತಿದರೆ ಎಳೆಗೂ ಟರ್ಮಿನಲ್‌ಗೂ ಸಂಪರ್ಕವೇ ಸಿಗಲ್ಲ. ಮಾಡಿದ ಪ್ರತಿ ವೈರನ್ನೂ ಮಲ್ಟಿಮೀಟರ್‌ನಲ್ಲಿ ಅಳೆಯಿರಿ.

ವಿ8_ಪ್ರಿಯ:
ವೈರ್ ಓಡಿಸುವಾಗ ಒಂದು ಮರೆಯಬೇಡಿ. ಫೈರಿಂಗ್ ಆರ್ಡರ್ 1-8-4-3-6-5-7-2. 5 ಮತ್ತು 7 ಅಕ್ಕಪಕ್ಕದ ಸಿಲಿಂಡರ್‌ಗಳು, ಒಂದರ ಹಿಂದೆ ಒಂದು ಸಿಡಿಯುತ್ತವೆ. ಈ ಎರಡು ವೈರ್‌ಗಳನ್ನು ಒಂದಕ್ಕೊಂದು ಅಂಟಿಸಿ ಉದ್ದಕ್ಕೂ ಓಡಿಸಿದರೆ 5ರ ಪಲ್ಸ್‌ನಿಂದ 7ರಲ್ಲಿ ಹೊತ್ತಿಗೆ ಮುಂಚೆಯೇ ಕಿಡಿ ಹುಟ್ಟಬಹುದು. ಸೆಪರೇಟರ್ ಹಾಕಿ ದೂರ ಇಡಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ.

ಎಡಗಡೆಯ ಎಂಜಿನ್ ಮೌಂಟೂ ನೋಡಿ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಆ ಕಡೆ ಮೇಲಕ್ಕೇಳುತ್ತೆ. ಹೆಡರೂ ಪ್ಲಗ್ಗೂ ಜೊತೆಗೇ ಏಳೋದರಿಂದ ಅವುಗಳ ನಡುವಿನ ಜಾಗ ಬದಲಾಗಲ್ಲ. ಆದರೆ ಸ್ಟೀರಿಂಗ್ ಶಾಫ್ಟ್ ಬಾಡಿಯ ಕಡೆಯದು, ಅದಕ್ಕೂ ವೈರಿಗೂ ಇರೋ ಜಾಗ ಬದಲಾಗುತ್ತೆ. ನಿಂತ ಕಾರಲ್ಲಿ ಅರ್ಧ ಇಂಚು ಕಂಡರೆ ನೆಮ್ಮದಿ ಪಡಬೇಡಿ.

ಡೆಟ್ರಾಯಿಟ್_ಕನ್ನಡಿಗ:
ಹೆಡರ್ ಸರಿಸಿ, 90 ಡಿಗ್ರಿ ಬೂಟ್ ಹಾಕಿ ನೋಡಿದೆ. 5 ಸರಿಹೋಯ್ತು. 7ರಲ್ಲಿ ಮಾತ್ರ ಕಾಗದ ತೂರುವಷ್ಟೇ ಜಾಗ. ಶಾರ್ಟಿ ಪ್ಲಗ್ ಹಾಕಬಹುದಾ?

ಸ್ಪ್ಯಾನರ್_ಶಾಸ್ತ್ರಿ:
ಹಾಕಬಹುದು. ಗಿಡ್ಡ ಇರಬೇಕಾದ್ದು ಹೊರಗಿನ ಭಾಗ ಮಾತ್ರ, ಥ್ರೆಡ್ ಅಲ್ಲ. ನಿಮ್ಮ ಹೆಡ್‌ಗೆ ಬೇಕಾದ್ದು 14 ಮಿ.ಮೀ. ಥ್ರೆಡ್, 5/8 ಇಂಚಿನ ಹೆಕ್ಸ್, ವಾಷರ್ ಇಲ್ಲದ ಟೇಪರ್ ಸೀಟ್, 0.460 ಇಂಚು ರೀಚ್ (ಥ್ರೆಡ್ ಭಾಗದ ಉದ್ದ), ಅಂದರೆ ಎಸಿ ಕಂಪನಿಯ ಆರ್45ಟಿಎಸ್ ಜಾತಿಯದು. ಅಲ್ಯೂಮಿನಿಯಂ ಹೆಡ್‌ಗೆ ಬರೋ 0.750 ರೀಚಿನದನ್ನು ಮರೆತೂ ಹಾಕಬೇಡಿ, ಪಿಸ್ಟನ್‌ಗೆ ಹೊಡೆಯಬಹುದು. ಶಾರ್ಟಿಯ ಪಿಂಗಾಣಿ ಗಿಡ್ಡ, ಕಿಡಿ ಅದರ ಹೊರಮೈ ಮೇಲೇ ಜಾರಿ ಹೋಗೋ ಸಾಧ್ಯತೆ ಹೆಚ್ಚು. ಹಾಗಾಗಿ ಗ್ಯಾಪ್ 0.045 ಇಂಚು ದಾಟಿಸಬೇಡಿ, ಬೂಟಿನೊಳಗೆ ಡೈಎಲೆಕ್ಟ್ರಿಕ್ (ಕರೆಂಟ್ ಹರಿಸದ) ಗ್ರೀಸ್ ತೆಳ್ಳಗೆ ಸವರಿ.

ಅಲ್ಲಿ ಟಾರ್ಕ್ ರೆಂಚ್ ಹೋಗಲ್ಲ. ರಬ್ಬರ್ ಟ್ಯೂಬ್ ತುದಿಗೆ ಪ್ಲಗ್ ಸಿಕ್ಕಿಸಿ ಥ್ರೆಡ್ ಹತ್ತಿಸಿ. ಪೂರ್ತಿ ಕೂತ ಮೇಲೆ, ತಲೆಯಲ್ಲೂ ಹೆಕ್ಸ್ ಇರೋ ಪ್ಲಗ್ ಸಾಕೆಟ್ ಇಟ್ಟು ಓಪನ್ ಎಂಡ್ ಸ್ಪ್ಯಾನರ್‌ನಿಂದ 1/16 ಸುತ್ತು, ಅಷ್ಟೇ. ಟೇಪರ್ ಸೀಟನ್ನು ಜಾಸ್ತಿ ಬಿಗಿದರೆ ಮುಂದಿನ ಸಲ ಬಿಚ್ಚೋದೇ ಕಷ್ಟ.

ಇಷ್ಟಾದ ಮೇಲೂ ಸಾಲದಿದ್ದರೆ 7ಕ್ಕೆ ಸೆರಾಮಿಕ್ ಬೂಟಿನ ವೈರ್. ಸೆರಾಮಿಕ್ ಗಟ್ಟಿ, ಬಾಗಲ್ಲ, ಹಾಗಾಗಿ ಕೂರೋಕೆ ನೇರ ದಾರಿ ಇದೆಯಾ ಅಂತ ಮೊದಲು ಅಳೆದುಕೊಳ್ಳಿ.

ಬೇ_ಏರಿಯಾ_ಗ್ಯಾರೇಜ್:
ಪೈಪ್ ತಗ್ಗಿಸೋ ಪ್ರಶ್ನೆಗೆ: ಮಾಡಬಹುದು, ಆದರೆ ಹೆಡರ್ ಕಾರಿನಿಂದ ಹೊರಗೆ ತೆಗೆದು ಮಾತ್ರ. ತಾಗೋ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಟಾರ್ಚ್‌ನಿಂದ ಕೆಂಪಗೆ ಕಾಯಿಸಿ, ಉರುಟು ಸರಳು ಇಟ್ಟು ಸುತ್ತಿಗೆಯಿಂದ ನಿಧಾನ ಒತ್ತಿ. ಬೂಟ್ ಕೂರುವಷ್ಟು ಆಳವಿಲ್ಲದ ತಗ್ಗು ಸಾಕು, ಅಷ್ಟಕ್ಕೆ ಹೊಗೆಯ ಹರಿವು ಕಟ್ಟಲ್ಲ. ಗ್ರೈಂಡ್ ಮಾತ್ರ ಮಾಡಬೇಡಿ, ಪೈಪ್ ತೆಳುವಾಗಿ ತೂತು ಬೀಳುತ್ತೆ. ಸೆರಾಮಿಕ್ ಕೋಟಿಂಗ್ ಇದ್ದರೆ ಆ ಜಾಗದಲ್ಲಿ ಹೋಗುತ್ತೆ.

ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಓದ್ತಿರೋರಿಗೆ: 1976 ಮತ್ತು ಆಮೇಲಿನ ಪೆಟ್ರೋಲ್ ಕಾರಿಗೆ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇದೆ. ಹೆಡರ್ ಕೊಳ್ಳೋ ಮುಂಚೆಯೇ ಅದಕ್ಕೆ ಕಾರ್ಬ್‌ನ (ಕ್ಯಾಲಿಫೋರ್ನಿಯಾದ ವಾಯು ಮಂಡಳಿ) ಇಒ (ಒಪ್ಪಿಗೆ ಆದೇಶ) ನಂಬರ್ ಇದೆಯಾ ನೋಡಿ.