ಗಿಟಾರ್‌ನಲ್ಲಿ ಎ ಮೈನರ್ ಪೆಂಟಟಾನಿಕ್: ಮೊದಲ ಬಾಕ್ಸ್‌ನಿಂದ ಹೊರಗೆ ಬರೋದು ಹೇಗೆ?

ಪ್ರಶ್ನೆ: ಎ ಮೈನರ್ ಪೆಂಟಟಾನಿಕ್ (ಎ ಮೂಲವಾಗಿರುವ ಐದು ಸ್ವರಗಳ ಸ್ಕೇಲ್) ನುಡಿಸುವ ಐದೂ ಪೊಸಿಷನ್, ಅಂದರೆ ಗಿಟಾರ್ ಕತ್ತಿನ ಮೇಲೆ ಕೈ ಇಡುವ ಐದು ಜಾಗ, ಬಾಯಿಪಾಠ ಆಗಿವೆ. ಆದರೆ ಸೋಲೋ ಶುರು ಮಾಡಿದರೆ ಕೈ ಮೊದಲ ಪೊಸಿಷನ್‌ನಲ್ಲೇ (ಮೊದಲ ಬಾಕ್ಸ್), 5ರಿಂದ 8ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡಪಟ್ಟಿ) ಒಳಗೇ ಸುತ್ತುತ್ತೆ. ಎರಡನೇ ಪೊಸಿಷನ್‌ಗೆ ದಾಟೋದು ಎಲ್ಲಿಂದ?

ಉತ್ತರ 1: ಐದನ್ನೂ ಒಟ್ಟಿಗೆ ಹಿಡಿಯಬೇಡಿ, ಸದ್ಯಕ್ಕೆ ಎರಡೇ ಸಾಕು. 3ನೇ ತಂತಿಯಲ್ಲಿ (ಅತಿ ತೆಳುವಾದದ್ದು 1, ಅತಿ ದಪ್ಪದ್ದು 6) 5, 7ನೇ ಫ್ರೆಟ್ ನುಡಿಸಿ, ಉಂಗುರ ಬೆರಳನ್ನು ಎತ್ತದೆ 9ಕ್ಕೆ ಜಾರಿಸಿ. ಆಗ ತೋರುಬೆರಳು ತಾನಾಗಿ 2ನೇ ತಂತಿಯ 8ರ ಹತ್ತಿರ ಬಂದಿರುತ್ತೆ. ಅಲ್ಲಿ 8, 10 ನುಡಿಸಿ ನಿಲ್ಲಿಸಿ. ಆ 10 ನಿಮ್ಮ ಎ, ಅಂದರೆ ಸ್ಕೇಲಿನ ಮೂಲ ಸ್ವರ. ವಾಪಸ್ಸೂ ಅದೇ ದಾರಿ. ಮೆಟ್ರೊನೋಮ್ (ಲಯ ಹಿಡಿಯುವ ಸಾಧನ) ನಿಮಿಷಕ್ಕೆ 60 ಬೀಟ್, ಬೀಟಿಗೆ ಎರಡು ಸ್ವರ. ಜಾರುವಾಗ ಒತ್ತಡ ಸಡಿಲಿಸಿದರೆ ನಾದ ಅಲ್ಲೇ ಸಾಯುತ್ತೆ. ಹೆಬ್ಬೆರಳು ಹಿಂದೆ ಬಿಗಿಯಾಗಿ ಒತ್ತಿದ್ದರೆ ಕೈ 8ರಲ್ಲೇ ಸಿಕ್ಕಿಕೊಳ್ಳುತ್ತೆ, ಹೆಬ್ಬೆರಳೂ ಬೆರಳಿನ ಜೊತೆಗೇ ಸರಿಯಬೇಕು.

ಉತ್ತರ 2: ಮೇಲಿನದು ಸರಿ, ಆದರೆ ಮೊದಲು ಎ ಎಲ್ಲೆಲ್ಲಿದೆ ಅಂತ ಗಟ್ಟಿ ಮಾಡಿಕೊಳ್ಳಿ: 6ನೇ ತಂತಿ 5, 4ನೇ ತಂತಿ 7, 2ನೇ ತಂತಿ 10, 5ನೇ ತಂತಿ 12, 3ನೇ ತಂತಿ 14. ದಾರಿ ತಪ್ಪಿದಾಗ ಹತ್ತಿರದ ಎ ಹಿಡಿದರಾಯ್ತು. ಪಕ್ಕಪಕ್ಕದ ತಂತಿಗಳ ಸ್ವರದ ಅಂತರ 5 ಫ್ರೆಟ್; 3 ಮತ್ತು 2ನೇ ತಂತಿ ನಡುವೆ ಮಾತ್ರ 4. ಅದಕ್ಕೇ 2ನೇ ತಂತಿಗೆ ಬಂದಾಗ ಆಕಾರ ಒಂದು ಫ್ರೆಟ್ ಮುಂದೆ ಸರಿಯೋದು.

ಉತ್ತರ 3: ಕರ್ನಾಟಕ ಸಂಗೀತ ಗೊತ್ತಿದ್ದರೆ ಎ ಷಡ್ಜವಾದಾಗ ಇದು ಶುದ್ಧ ಧನ್ಯಾಸಿ ರಾಗದ ಸ್ವರಗಳು: ಸ ಗ2 ಮ1 ಪ ನಿ2. ಎರಡನೇ ಪೊಸಿಷನ್ 6ನೇ ತಂತಿಯ 8ರಲ್ಲಿ, ಅಂದರೆ ಸಿಯಿಂದ ಶುರು. ಆ ಸಿಯನ್ನೇ ಷಡ್ಜ ಮಾಡಿಕೊಂಡರೆ ಮೋಹನ ರಾಗ! ಎ ಷಡ್ಜವಾಗಿದ್ದಾಗ ಖಾಲಿ 5ನೇ ತಂತಿ (ಅದೂ ಎ) ಮೀಟುತ್ತಾ, ಸ್ವರ ಹಾಡಿಕೊಂಡೇ ನುಡಿಸಿ.