ಕಬ್ಬಿನ ಸಿಪ್ಪೆ ರಸದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇಲ್ಲ, ಯಾಕೆ?

ಆಲೆಮನೆ ಹುಡುಗ:
ಮಂಡ್ಯ ಕಡೆಯವನು, ಎಂಎಸ್ಸಿ ಕೊನೇ ವರ್ಷ. ಕಬ್ಬಿನ ಸಿಪ್ಪೆಯಿಂದ ಪಿಎಚ್‌ಬಿ ಮಾಡಲು ಹೊರಟಿದ್ದೇನೆ, ಅದೇ ಬ್ಯಾಕ್ಟೀರಿಯಾ ಮೈಯೊಳಗೆ ಕೊಬ್ಬಿನ ಹಾಗೆ ಕೂಡಿಟ್ಟುಕೊಳ್ಳುತ್ತದಲ್ಲ, ಆ ಪ್ಲಾಸ್ಟಿಕ್. ಮಾವನ ಆಲೆಮನೆಯಿಂದ ಸಿಪ್ಪೆ ತಂದು, ಒಣಗಿಸಿ, ಪುಡಿ ಮಾಡಿ, 2% ಸಲ್ಫ್ಯೂರಿಕ್ ಆಸಿಡ್ಡಲ್ಲಿ 121 ಡಿಗ್ರಿಗೆ ಒಂದು ಗಂಟೆ ಆಟೋಕ್ಲೇವ್ ಮಾಡಿದೆ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿದೆ. ಸೋಸಿದರೆ ತೆಳು ಜೋನಿಬೆಲ್ಲದ ಬಣ್ಣದ ರಸ ಬಂತು. ಪಿಎಚ್ 7ಕ್ಕೆ ತಂದು ಕುಪ್ರಿಯಾವಿಡಸ್ ನೆಕೇಟರ್ ಅನ್ನೋ ಬ್ಯಾಕ್ಟೀರಿಯಾ ಹಾಕಿದೆ. ಎರಡು ದಿನ ಆದರೂ ಏನೂ ಇಲ್ಲ. ಪಕ್ಕದಲ್ಲಿ ಬರೀ ಗ್ಲೂಕೋಸ್ ಕೊಟ್ಟ ಫ್ಲಾಸ್ಕ್ ಮಾತ್ರ ಮಜ್ಜಿಗೆ ಹಾಗೆ ಬೆಳ್ಳಗಾಗಿದೆ. ಎಲ್ಲಿ ತಪ್ಪಿದೆ?

ಲ್ಯಾಬ್ ಅಕ್ಕ:
ರಸ ವಿಷ ಆಗಿದೆ ತಮ್ಮಾ. ಆಸಿಡ್ಡಲ್ಲಿ ಬೇಯಿಸಿದಾಗ ಸ್ವಲ್ಪ ಸಕ್ಕರೆ ಕೆಟ್ಟು ಫರ್ಫ್ಯುರಾಲ್ ಆಗುತ್ತದೆ, ಜೊತೆಗೆ ಸಿಪ್ಪೆಯಿಂದಲೇ ಅಸಿಟಿಕ್ ಆಸಿಡ್ಡೂ ಬಿಡುತ್ತದೆ. ಸುಣ್ಣ ಹಾಕಿ ಪಿಎಚ್ 10ಕ್ಕೆ ಏರಿಸು, ತಳಕ್ಕೆ ಕೂರುವ ಜಿಪ್ಸಂ ಸೋಸಿ ತೆಗೆ, ಆಮೇಲೆ 7ಕ್ಕೆ ಇಳಿಸು. ಅಸಿಟಿಕ್ ಆಸಿಡ್ ಸುಣ್ಣಕ್ಕೆ ಜಗ್ಗುವುದಿಲ್ಲ, ಅದಕ್ಕೆ ಬ್ಯಾಕ್ಟೀರಿಯಾಗೆ ಮೊದಲಿಂದ ಸ್ವಲ್ಪ ಸ್ವಲ್ಪ ರಸ ಕೊಟ್ಟು ರೂಢಿ ಮಾಡಿಸಬೇಕು.

ಕಿಣ್ವಪ್ರಿಯ:
ಅಕ್ಕ ಹೇಳಿದ್ದು ಸರಿ, ಆದರೆ ಸುಣ್ಣ ಹಾಕಿದ ಮೇಲೂ ಬೆಳೆಯದೇ ಹೋಗಬಹುದು. ತೆಳು ಆಸಿಡ್ ಒಡೆಯುವುದು ಹೆಚ್ಚಾಗಿ ಸಿಪ್ಪೆಯ ನಾರಿನಲ್ಲಿರುವ ಹೆಮಿಸೆಲ್ಯುಲೋಸನ್ನು, ಹಾಗಾಗಿ ನಿಮ್ಮ ರಸದಲ್ಲಿ ಜಾಸ್ತಿ ಇರುವುದು ಕ್ಸೈಲೋಸ್ ಅನ್ನೋ ಬೇರೆ ಸಕ್ಕರೆ, ಅದನ್ನು ನೆಕೇಟರ್ ಮುಟ್ಟುವುದಿಲ್ಲ. ಗ್ಲೂಕೋಸ್ ಬಹುಪಾಲು ಇನ್ನೂ ಸೋಸಿ ಉಳಿದ ಚರಟದಲ್ಲೇ ಸೆಲ್ಯುಲೋಸ್ ಆಗಿ ಕೂತಿದೆ. ಅದಕ್ಕೆ ಸೆಲ್ಯುಲೇಸ್ ಕಿಣ್ವ ಹಾಕಿ ಬಿಡಿಸಿಕೊಳ್ಳಿ. ಇಲ್ಲಾ ಬ್ರೆಜಿಲ್‌ನವರು ಕಬ್ಬಿನ ಗದ್ದೆ ಮಣ್ಣಲ್ಲೇ ಹುಡುಕಿ ತೆಗೆದ ಪ್ಯಾರಾಬುರ್ಖೋಲ್ಡೇರಿಯಾ ಸಕ್ಕರಿ ಅನ್ನೋ ಬ್ಯಾಕ್ಟೀರಿಯಾ ತರಿಸಿ, ಅದು ಎರಡೂ ಸಕ್ಕರೆ ತಿನ್ನುತ್ತದೆ.

ಮತ್ತೆ, ಸುಮ್ನೆ ಬೆಳೆದರೆ ಸಾಲದು. ಸಾರಜನಕ ಮುಗಿದು ಸಕ್ಕರೆ ಮಾತ್ರ ಮಿಕ್ಕಿದಾಗಲೇ ಅದು ಪಿಎಚ್‌ಬಿ ತುಂಬಿಕೊಳ್ಳುವುದು. ಚೆನ್ನಾಗಿ ನಡೆದರೆ ಒಣ ತೂಕದ 80% ತನಕ ಬರುತ್ತದೆ. ಸುಡಾನ್ ಬ್ಲ್ಯಾಕ್ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿ, ಒಳಗೆ ಕಪ್ಪು ಕಾಳು ಕಾಳಾಗಿ ಕಾಣುತ್ತದೆ. ಮೊದಲ ಸಲ ನೋಡಿದ ದಿನ ನಾನು ಊಟಕ್ಕೂ ಎದ್ದಿರಲಿಲ್ಲ.

ಗದ್ದೆಯವನು:
ಸಿಪ್ಪೆಯೇ ಯಾಕೆ? ಆಲೆಮನೆ ಒಲೆಗೆ ಅದೇ ಸೌದೆ, ಕಾರ್ಖಾನೆಯವರು ಅದರಲ್ಲೇ ಕರೆಂಟ್ ಮಾಡುತ್ತಾರೆ. ಸುಮ್ನೆ ಬೆಂಕಿಗೆ ಹೋಗುವುದು ಗದ್ದೆಯ ತರಗು, ಅಲ್ವಾ? ಅದನ್ನೂ ನೋಡಿ.

ಆಲೆಮನೆ ಹುಡುಗ:
ಚರಟ ಬಿಸಾಡಿಲ್ಲ, ಫ್ರಿಜ್ಜಲ್ಲೇ ಇದೆ! ನಾಳೆ ಬರೀ ಕ್ಸೈಲೋಸ್ ಕೊಟ್ಟು ಒಂದು ಫ್ಲಾಸ್ಕ್, ಸುಣ್ಣ ಹಾಕಿದ ರಸಕ್ಕೆ ಗ್ಲೂಕೋಸ್ ಬೆರೆಸಿ ಇನ್ನೊಂದು ಇಡುತ್ತೇನೆ. ವಿಷವೋ, ಸಕ್ಕರೆಯೋ ಅಂತ ಆಗ ಗೊತ್ತಾಗುತ್ತೆ. ತರಗು ಭಾನುವಾರ ಊರಿಗೆ ಹೋದಾಗ ತರುತ್ತೇನೆ.